ಗ್ಯಾರಿ ಬರ್ಟನ್: ತಿರುಗಾಟದ ನಡುವೆಯೇ ಪಾಠ ಹೇಗೆ ಸಾಗಿತು?

ಪ್ರಶ್ನೆ (ಬದಿಯಡ್ಕದಿಂದ):
ನಾನು ಯಕ್ಷಗಾನ ಮೇಳವೊಂದರ ಮದ್ದಳೆಗಾರ. ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ತಿರುಗಾಟವಿರುತ್ತದೆ, ಮಳೆಗಾಲದಲ್ಲಿ ಮನೆಯ ಚಾವಡಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಪಾಠಕ್ಕೆ ಕುಳಿತವನ ಕೈ ಮಂದವಾಗುತ್ತದೆ ಎಂದು ಹಿರಿಯರೊಬ್ಬರು ಹೇಳಿದ ಮಾತು ಮನಸ್ಸನ್ನು ಕೊರೆಯುತ್ತಿದೆ. ಅಮೆರಿಕದ ಜಾಝ್ ವೈಬ್ರಾಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ) ವಾದಕ ಗ್ಯಾರಿ ಬರ್ಟನ್ ಮೂವತ್ತಕ್ಕೂ ಹೆಚ್ಚು ವರ್ಷ ಬೋಧಿಸುತ್ತಲೇ ಕಛೇರಿ ನೀಡಿದರೆಂದು ಓದಿದ್ದೇನೆ. ಅದು ಹೇಗೆ ಸಾಧ್ಯವಾಯಿತೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಕುಂಬಳೆ):
ಬರ್ಟನ್ ಹುಟ್ಟಿದ್ದು 1943ರಲ್ಲಿ, ಇಂಡಿಯಾನಾದ ಆಂಡರ್ಸನ್ ಎಂಬ ಊರಿನಲ್ಲಿ. ಅವರು ವೈಬ್ರಾಫೋನನ್ನು ಬಹುಮಟ್ಟಿಗೆ ತಾವೇ ಕಲಿತರು. ಬಾಸ್ಟನ್ನಿನ ಬರ್ಕ್ಲೀ ಸಂಗೀತ ಶಾಲೆಯಲ್ಲಿ ಎರಡು ವರ್ಷ ಓದಿ ಪದವಿ ಮುಗಿಸದೆ ಹೊರಬಿದ್ದು, ಪಿಯಾನೊ ವಾದಕ ಜಾರ್ಜ್ ಶಿಯರಿಂಗ್ ಮತ್ತು ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ ಗೆಟ್ಝ್ ಅವರ ತಂಡಗಳಲ್ಲಿ ನುಡಿಸಿದರು. 1967ರಲ್ಲಿ ಗಿಟಾರ್ ವಾದಕ ಲ್ಯಾರಿ ಕೊರಿಯೆಲ್ ಅವರನ್ನು ಸೇರಿಸಿಕೊಂಡು ಜಾಝ್‌ಗೆ ರಾಕ್‌ನ ಲಯವನ್ನು ಬೆರೆಸಿದ ಸ್ವಂತ ತಂಡ ಕಟ್ಟಿದರು. ಅರ್ಧಕ್ಕೆ ಬಿಟ್ಟಿದ್ದ ಅದೇ ಸಂಸ್ಥೆಗೆ 1971ರಲ್ಲಿ ಅಧ್ಯಾಪಕರಾಗಿ ಮರಳಿದರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ. ಕೈ ಸೋತು ಪಾಠಕ್ಕೆ ಕುಳಿತವರಲ್ಲ. ಪಿಯಾನೊ ವಾದಕ ಚಿಕ್ ಕೊರಿಯಾ ಅವರೊಡನೆ ದಶಕಗಳ ಕಾಲ ಸಾಗಿದ ಜೋಡಿವಾದನ ತೊಡಗಿದ್ದೇ ಅಧ್ಯಾಪಕರಾದ ಮೇಲೆ. ಮುಂದೆ ಅವರು ಸಂಸ್ಥೆಯ ಪಠ್ಯಕ್ರಮದ ಡೀನ್ ಕೂಡ ಆದರು.

ಉತ್ತರ 2 (ನೀರ್ಚಾಲು):
ಅವರ ಕೈಯ ಸಂಗತಿಯನ್ನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆ ಅಲ್ಲಿಯೇ ಇದೆ. ವೈಬ್ರಾಫೋನಿನಲ್ಲಿ ಅಲ್ಯೂಮಿನಿಯಂ ಪಟ್ಟಿಗಳ ಕೆಳಗೆ ಕೊಳವೆಗಳಿರುತ್ತವೆ. ಕಾಲಿನ ಪೆಡಲ್ ಒತ್ತಿದರೆ ಬಡಿದ ಪಟ್ಟಿಗಳೆಲ್ಲ ಅನುರಣಿಸುತ್ತಲೇ ಇರುತ್ತವೆ, ಬಿಟ್ಟರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಉಳಿದ ಸ್ವರಗಳು ಮೊಳಗುತ್ತಿರುವಾಗ ಒಂದನ್ನು ಮಾತ್ರ ನಿಲ್ಲಿಸಬೇಕಾದರೆ ಆ ಪಟ್ಟಿಯ ಮೇಲೆ ಕೋಲಿನ ತುದಿಯನ್ನು ಮೆಲ್ಲಗೆ ಇಡಬೇಕು. ಬರ್ಟನ್ ಒಂದೊಂದು ಕೈಯಲ್ಲಿ ಎರಡೆರಡು ಕೋಲು ಹಿಡಿದು, ಪಿಯಾನೊದಲ್ಲಿರುವಂತೆ ರಾಗವನ್ನೂ ಅದರ ಆಧಾರಸ್ವರಗಳನ್ನೂ ಒಟ್ಟಿಗೆ ನುಡಿಸುತ್ತಿದ್ದರು. ನಾಲ್ಕು ಕೋಲು ಅವರಿಂದಲೇ ಬಂದದ್ದಲ್ಲ, ಹಿರಿಯ ವೈಬ್ರಾಫೋನ್ ವಾದಕ ರೆಡ್ ನಾರ್ವೋ ಮೊದಲೇ ಬಳಸಿದ್ದರು. ಆದರೆ ಹಿಡಿಕೆಗಳು ಅಂಗೈಯಲ್ಲಿ ಒಂದನ್ನೊಂದು ಅಡ್ಡಹಾಯುವ ಒಂದು ಹಿಡಿತಕ್ಕೆ ಇಂದು ‘ಬರ್ಟನ್ ಹಿಡಿತ’ವೆಂದೇ ಹೆಸರು. ಒಂಟಿಯಾಗಿ ಕಂಡುಕೊಂಡ ರೂಢಿಯೊಂದು ಇತರರ ಕೈಗೂ ದಾಟಬೇಕಾದರೆ ಅದನ್ನು ಬಿಡಿಸಿ ತೋರಿಸುವವರು ಬೇಕು. ಪಾಠದಿಂದ ಅವರ ಕೈ ಮಂದವಾಯಿತೆಂಬುದನ್ನು ನಾನಂತೂ ಒಪ್ಪಲಾರೆ.

ಉತ್ತರ 3 (ಪೆರ್ಲ):
ಒಂದು ತಕರಾರು ಇದೆ. ಬರ್ಟನ್ ಅವರಿಗೆ ದೊಡ್ಡ ಸಂಸ್ಥೆಯ ಆಸರೆಯಿತ್ತು. ಚಾವಡಿಯಲ್ಲಿ ಕಲಿಸುವವರಿಗೆ ಅದೆಲ್ಲಿದೆ? ಆದರೂ ಬರ್ಕ್ಲೀಯಲ್ಲಿ ಓದಿದ ಪಿಯಾನೊ ವಾದಕ ಮಕೋಟೊ ಓಝೋನೆ 1983ರಲ್ಲಿ ಅವರ ತಂಡಕ್ಕೇ ಬಂದರು. ನಿಮ್ಮ ಮಕ್ಕಳಲ್ಲಿ ಒಬ್ಬನಾದರೂ ಮುಂದಿನ ತಿರುಗಾಟಕ್ಕೆ ಚೆಂಡೆ ಹಿಡಿದು ಬಂದಾನೆಯೇ?

ಪ್ರಶ್ನೆ ಕೇಳಿದವರು:
ಒಬ್ಬ ಹುಡುಗ ಇದ್ದಾನೆ. ಕಳೆದ ವಾರ ಅವನಿಗಾಗಿ ಒಂದು ಬಿಡ್ತಿಗೆಯನ್ನು (ಪೆಟ್ಟುಗಳ ಜೋಡಣೆ) ನಿಧಾನ ಕಾಲದಲ್ಲಿ ನುಡಿಸಿ ತೋರಿಸುವಾಗ, ವೇಗದಲ್ಲಿ ನಾನು ಒಂದು ಪೆಟ್ಟನ್ನು ಇಷ್ಟು ವರ್ಷ ನುಂಗುತ್ತಿದ್ದೆನೆಂಬುದು ನನ್ನ ಗಮನಕ್ಕೆ ಬಂತು.