ವಿಕಿರಣ ಚಿಕಿತ್ಸೆಯ ನಂತರ ಪಿಎಸ್‌ಎ ಏರಿದರೆ ಕ್ಯಾನ್ಸರ್ ಮರುಕಳಿಸಿದೆ ಎಂದರ್ಥವೇ?

ಪ್ರಶ್ನೆ:
ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದ ನಮ್ಮ ತಂದೆಯವರ ರಕ್ತದಲ್ಲಿನ ಪಿಎಸ್‌ಎ 0.4ಕ್ಕೆ ಇಳಿದಿದ್ದು, ಈಗ 1.1 ಆಗಿದೆ. ಇದನ್ನು ಮರುಕಳಿಕೆಯೆಂದೇ ಭಾವಿಸಬೇಕೇ? ಮುಂಚಿತವಾಗಿ ಸುಳಿವು ಕೊಡುವ ಬೇರೆ ಪ್ರೋಟೀನ್‌ಗಳಿವೆಯೇ?

ಉತ್ತರ 1:
ಈ ಒಂದು ಅಂಕಿಯಿಂದ ಹಾಗೆ ಹೇಳಲಾಗದು. ಪಿಎಸ್‌ಎ ಪ್ರಾಸ್ಟೇಟ್ ಗ್ರಂಥಿಯ ಜೀವಕೋಶಗಳು ಸ್ರವಿಸುವ ಪ್ರೋಟೀನ್. ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯನ್ನೇ ತೆಗೆಯುವುದರಿಂದ ಅದು ಬಹುತೇಕ ಶೂನ್ಯಕ್ಕಿಳಿಯುತ್ತದೆ, ಆದರೆ ವಿಕಿರಣದ ನಂತರ ಗ್ರಂಥಿ ದೇಹದಲ್ಲಿಯೇ ಉಳಿಯುವುದರಿಂದ ಇಳಿಕೆ ನಿಧಾನವಾಗಿದ್ದು, ಕನಿಷ್ಠ ಮಟ್ಟ ತಲುಪಲು ವರ್ಷಕ್ಕೂ ಹೆಚ್ಚು ಹಿಡಿಯಬಹುದು. 2006ರಲ್ಲಿ ಪ್ರಕಟವಾದ ಫೀನಿಕ್ಸ್ ಮಾನದಂಡದ ಪ್ರಕಾರ, ಆ ಕನಿಷ್ಠ ಮಟ್ಟಕ್ಕಿಂತ ಪ್ರತಿ ಮಿಲಿಲೀಟರಿಗೆ 2 ನ್ಯಾನೋಗ್ರಾಂ ಅಥವಾ ಅದಕ್ಕೂ ಹೆಚ್ಚು ಏರಿದರೆ ಜೀವರಾಸಾಯನಿಕ ಮರುಕಳಿಕೆ (ರಕ್ತಪರೀಕ್ಷೆಯ ಅಂಕಿಯಿಂದ ಗುರುತಿಸುವ ಮರುಕಳಿಕೆ) ಎನ್ನುತ್ತಾರೆ. ನಿಮ್ಮ ತಂದೆಯವರ ಲೆಕ್ಕದಲ್ಲಿ ಆ ಗಡಿ 2.4.

ಉತ್ತರ 2:
ಚಿಕಿತ್ಸೆಯ ನಂತರದ ಮೊದಲ ಎರಡು ಮೂರು ವರ್ಷಗಳಲ್ಲಿ ಪಿಎಸ್‌ಎ ತಾತ್ಕಾಲಿಕವಾಗಿ ಏರಿ, ತಾನಾಗಿಯೇ ಇಳಿಯುವುದೂ ಉಂಟು. ಪುರುಷ ಹಾರ್ಮೋನ್ ಆದ ಟೆಸ್ಟೋಸ್ಟೆರೋನನ್ನು ತಗ್ಗಿಸುವ ಹಾರ್ಮೋನ್ ಚಿಕಿತ್ಸೆಯನ್ನೂ ಪಡೆದಿದ್ದರೆ, ಅದು ನಿಂತು ಟೆಸ್ಟೋಸ್ಟೆರೋನ್ ಮರಳಿದಾಗಲೂ ಪಿಎಸ್‌ಎ ಏರಬಹುದು. ಎಷ್ಟು ಏರಿದೆ ಎಂಬುದರಷ್ಟೇ, ಎಷ್ಟು ತಿಂಗಳಲ್ಲಿ ದ್ವಿಗುಣವಾಗುತ್ತಿದೆ ಎಂಬುದೂ ಮುಖ್ಯ. ಆದ್ದರಿಂದ ಸಾಧ್ಯವಾದರೆ ಒಂದೇ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಮಾಡಿಸಿ, ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ವೈದ್ಯರಿಗೆ ತೋರಿಸಿ.

ಉತ್ತರ 3:
ಎರಡನೆಯ ಪ್ರಶ್ನೆಗೆ: ಬಯಾಪ್ಸಿಯ ಅಂಗಾಂಶದಲ್ಲಿ ಕೆಐ-67 ಎಂಬ, ಕೋಶವಿಭಜನೆಯನ್ನು ಸೂಚಿಸುವ ಪ್ರೋಟೀನ್ ಹೆಚ್ಚಾಗಿದ್ದರೆ ಮರುಕಳಿಕೆಯ ಅಪಾಯವೂ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಆದರೂ ಚಿಕಿತ್ಸೆ ಮುಗಿದ ಮೇಲಿನ ನಿಗಾವಣೆಗೆ ಇಂದಿಗೂ ಪಿಎಸ್‌ಎಯೇ ಆಧಾರ.