ದೊಡ್ಡ ಥ್ರಾಟಲ್ ಬಾಡಿ ಹಾಕಿಸಿದ ಮೇಲೆ ಐಡಲ್ ಕುಣಿಯುತ್ತಿದೆ, ಅನುಭವ ಇದ್ದವರು ಹೇಳಿ

ಮೈಸೂರು ವಿಟೆಕ್: ನನ್ನದು 2002ರ ಹೋಂಡಾ ಸಿಟಿ 1.5 ವಿಟೆಕ್. ಹೊರಗಿನ 62 ಎಂಎಂ ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಹಾಕಿಸಿದೆ. ಈಗ ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ 800ರಿಂದ 1,800ಕ್ಕೆ ಏರುತ್ತೆ, ಇಳಿಯುತ್ತೆ. ಚೆಕ್ ಎಂಜಿನ್ ಲೈಟ್ ಇಲ್ಲ. ಐಎಸಿವಿ (ಐಡಲ್ ಗಾಳಿ ಹಿಡಿತದಲ್ಲಿಡುವ ವಾಲ್ವ್) ಕ್ಲೀನ್ ಆಗಿದೆ. ಹಳೆಯದನ್ನೇ ವಾಪಸ್ ಹಾಕಿಸಲಾ?

ಕಲಾಸಿಪಾಳ್ಯ ಕಸ್ಟಮರ್: ವಾಪಸ್ ಯಾಕೆ ಹಾಕಿಸ್ತೀರಿ? ನನ್ನ ಕಥೆ ಕೇಳಿ. ಥ್ರಾಟಲ್ ಬಾಡಿ 19,500 ರೂಪಾಯಿ. ಕಸ್ಟಮ್ಸ್‌ಗೆ 6,300. ಹೊಸ ಟಿಪಿಎಸ್, ಅಂದ್ರೆ ಥ್ರಾಟಲ್ ಪ್ಲೇಟ್ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್, 3,800. ಹಳೇ ಟಿಪಿಎಸ್‌ನ ಬೋಲ್ಟ್ ತಲೆ ಮುರಿದುಕೊಳ್ಳುವ ಜಾತಿಯದು, ಹ್ಯಾಕ್‌ಸಾ ಹಿಡಿದು ಗೀರು ಹಾಕಿ ಬಿಚ್ಚಬೇಕು, ಆ ಕೂಲಿ ಬೇರೆ. ಮುಚ್ಚಿದಾಗ 0.5 ವೋಲ್ಟ್, ಪೂರ್ತಿ ತೆರೆದಾಗ 4.5 ವೋಲ್ಟ್, ಎಲ್ಲ ಸರಿಯಾಗೇ ಇತ್ತು. ಆದರೂ ಕುಣಿತ ನಿಲ್ಲಲಿಲ್ಲ. ಕೊನೆಗೆ ಲೇತ್ ಅಂಗಡಿಯ ಹುಡುಗ ಕಾರ್ಬ್ ಕ್ಲೀನರ್ ಸ್ಪ್ರೇ ತಗೊಂಡು ಗ್ಯಾಸ್ಕೆಟ್ ಸುತ್ತ ಹೊಡೆದ. ಒಂದು ಮೂಲೆಯಲ್ಲಿ ಆರ್‌ಪಿಎಂ ಬದಲಾಯಿತು. ಗಾಳಿ ಅಲ್ಲಿಂದ ಒಳಗೆ ಹೋಗ್ತಾ ಇತ್ತು. ಬಾಡಿಯ ಮುಖ ಸಮತಟ್ಟಾಗಿರಲಿಲ್ಲ ಕಣ್ರಿ! ಹೊಸ ಮಾಲಿಗೆ ಫೇಸಿಂಗ್ (ಮುಖ ಉಜ್ಜಿ ಸಮ ಮಾಡೋದು) ಮಾಡಿಸಬೇಕು ಅಂದ್ರೆ ಹೇಗಿರಬೇಡ? ಅದಕ್ಕೆ 700 ರೂಪಾಯಿ.

ಕುಣಿತ ಯಾಕೆ ಅಂತ ಗೊತ್ತಲ್ಲ? ಕದ್ದು ಬರುವ ಗಾಳಿಗೆ ಆರ್‌ಪಿಎಂ ಏರುತ್ತೆ. ಪೆಡಲ್ ಮೇಲೆ ಕಾಲಿಲ್ಲ ಅಂತ ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ನಿಲ್ಲಿಸುತ್ತೆ. ಆರ್‌ಪಿಎಂ ಬೀಳುತ್ತೆ, ಮತ್ತೆ ಪೆಟ್ರೋಲ್ ಕೊಡುತ್ತೆ, ಮತ್ತೆ ಏರುತ್ತೆ. ಇದರಲ್ಲಿ ಸೆನ್ಸರ್ ತಪ್ಪು ಏನೂ ಇಲ್ಲ.

ಕುಡ್ಲ ರೆಡ್‌ಲೈನ್: ಸೆನ್ಸರ್ ಅಂದ್ರಿ, ನನ್ನ ಹೊಟ್ಟೆ ಉರಿಯಿತು. ಬೆಂಗಳೂರಿನ ಒಬ್ಬ ಟ್ಯೂನರ್ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಗಾಳಿ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 91 ಕೆಪಿಎ ತೋರಿಸುತ್ತೆ, 101 ಇರಬೇಕು, ಸೆನ್ಸರ್ ಸತ್ತಿದೆ ಅಂದ. 6,200 ಕಿತ್ತ. ಮಂಗಳೂರಿಗೆ ಬಂದು ಹಳೆಯದನ್ನೇ ಹಾಕಿದರೆ ಸರಿಯಾಗಿ 101! ಬೆಂಗಳೂರು ಸಮುದ್ರದಿಂದ 900 ಮೀಟರ್ ಮೇಲಿದೆ, ಅಲ್ಲಿ ಗಾಳಿ ಒತ್ತಡವೇ ಅಷ್ಟು. ಇದು ಗೊತ್ತಿಲ್ಲದವನು ಟ್ಯೂನರ್ ಅಂತೆ.

ಕಲಾಸಿಪಾಳ್ಯ ಕಸ್ಟಮರ್: ಒಬ್ಬ ಹಾಗೆ ಮಾಡಿದ ಅಂತ ಬೆಂಗಳೂರಿನವರನ್ನೆಲ್ಲ ಬೈಬೇಡಿ. ನಿಮ್ಮೂರಲ್ಲಿ ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವ ಮೀಟರ್) ಇಟ್ಟುಕೊಂಡಿರುವ ಗ್ಯಾರೇಜ್ ಎಷ್ಟಿವೆ ಹೇಳಿ ನೋಡೋಣ.

ಕುಡ್ಲ ರೆಡ್‌ಲೈನ್: ವೈಡ್‌ಬ್ಯಾಂಡ್ ಇಟ್ಕೊಂಡು ಏನು ಪೂಜೆ ಮಾಡ್ತೀರಾ? ಮೊದಲು ಓದೋಕೆ ಬರಬೇಕು.

ಹುಬ್ಬಳ್ಳಿ ವಿಆರ್‌ಎಸ್: ಪೆಡಲ್‌ನಿಂದ ಥ್ರಾಟಲ್‌ಗೆ ಕೇಬಲ್ ಎಳೆಯುವ ಈ ಕಾಲದ ಪಾಡೇ ಬೇಡ ಅಂತ ನಾನು 2017ರ ಆಕ್ಟೇವಿಯಾ ತಗೊಂಡೆ. ಥ್ರಾಟಲ್ ಬಾಡಿ ತೊಳೆದು, ಕೀ ಆನ್ ಮಾಡಿ, ವಿಸಿಡಿಎಸ್ ಅನ್ನೋ ಕಾರ್ ಸಾಫ್ಟ್‌ವೇರ್‌ನಲ್ಲಿ ಅಡಾಪ್ಟೇಶನ್ ಕೊಟ್ಟೆ. ಪ್ಲೇಟ್ ತಾನೇ ತನ್ನ ಜಾಗ ಕಲಿಯಿತು, ಮುಗೀತು. ದೊಡ್ಡದು ಹಾಕಿ ಅಂತ ನನ್ನನ್ನೂ ಹಿಂಡಿದರು, 48,000 ಹೇಳಿದರು. ಗಾಳಿ ತಳ್ಳೋಕೆ ಟರ್ಬೋ ಇರುವಾಗ ಬಾಗಿಲು ಅಗಲ ಮಾಡಿ ಏನು ಸಿಗುತ್ತೆ? 10 ಪೈಸೆ ಕೊಡಲಿಲ್ಲ. ಕಂಪನಿಯದೇ ಇದೆ, ಆರಾಮಾಗಿದ್ದೀನಿ.

ಪೀಣ್ಯ ಬೋರ್: ಅವರು ಕೇಳಿದ್ದು ಸಿಟಿ ಬಗ್ಗೆ ಸರ್, ನಿಮ್ಮ ಆಕ್ಟೇವಿಯಾ ಬಗ್ಗೆ ಅಲ್ಲ. ಹೊರಗಿನ ಮಾಲೇ ಬೇಡ. ನಾನು ಕಂಪನಿ ಬಾಡಿಯನ್ನೇ ಬೋರ್ ಮಾಡಿಸಿ (ತೂತು ಕೊರೆದು ಅಗಲ ಮಾಡಿಸಿ) ಹೊಸ ಹಿತ್ತಾಳೆ ಪ್ಲೇಟ್ ಕೂರಿಸಿದೆ. ಎಲ್ಲ ಸೇರಿ 4,500. ಐಡಲ್ ಗಾಳಿಯ ದಾರಿ, ಟಿಪಿಎಸ್ ಜಾಗ, ಎಲ್ಲ ಮೊದಲಿದ್ದ ಹಾಗೇ. ಒಂದೇ ಮಾತು: ಪ್ಲೇಟಿನ ಎರಡು ಸ್ಕ್ರೂಗಳ ತುದಿಯನ್ನು ಹಿಂದಿನಿಂದ ಬಡಿದು ಅಗಲ ಮಾಡಿಸಿ. ನನ್ನ ಗೆಳೆಯನ ಕಾರಲ್ಲಿ ಅದನ್ನು ಬಿಟ್ಟಿದ್ದರು. ಒಂದು ಸ್ಕ್ರೂ ಕಳಚಿ ಸಿಲಿಂಡರ್ ಒಳಗೆ ಹೋಯಿತು. ಪಿಸ್ಟನ್, ಎರಡು ವಾಲ್ವ್, ಹೆಡ್ ಕೆಲಸ, ಗ್ಯಾಸ್ಕೆಟ್ ಸೆಟ್, ಟೋಯಿಂಗ್ ಎಲ್ಲ ಸೇರಿ 62,000. ಅವನು ಈಗ ಆಕ್ಟಿವಾದಲ್ಲಿ ಓಡಾಡ್ತಾನೆ.

ಕಲಾಸಿಪಾಳ್ಯ ಕಸ್ಟಮರ್: 4,500ಕ್ಕೆ ಬೋರ್ ಮಾಡಿದವನ ಪ್ಲೇಟ್ ಪೂರ್ತಿ ಮುಚ್ಚುತ್ತಾ? ಬೆಳಕಿಗೆ ಹಿಡಿದು ನೋಡಿದ್ದೀರಾ?

ಪೀಣ್ಯ ಬೋರ್: ನೋಡಿದ್ದೀನಿ. ಕೂದಲು ಹೋಗಲ್ಲ. 30 ಸಾವಿರ ಸುರಿದು ಮುಖ ಉಜ್ಜಿಸಿಕೊಂಡವರು ನನಗೆ ಪಾಠ ಮಾಡೋದು ಬೇಡ.

ಕಾನೂನು ಕಣ್ಣು: ಮೋಟಾರು ವಾಹನ ಕಾಯ್ದೆ 52ನೇ ಕಲಂ ಯಾರಾದರೂ ಓದಿದ್ದೀರಾ? ಆರ್‌ಸಿ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಬಾರದು ಅನ್ನೋದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನಾಳೆ ಇನ್ಶೂರೆನ್ಸ್‌ನವರು ಕ್ಲೇಮ್ ಕೊಡಲ್ಲ ಅಂದ್ರೆ ಅಳಬೇಡಿ. ನನ್ನ ತಮ್ಮನಿಗೆ ಆಗಿದೆ, ಅದೂ ಬರೀ ಎಕ್ಸಾಸ್ಟ್‌ಗೆ.

ಪೀಣ್ಯ ಬೋರ್: ಆರ್‌ಸಿಯಲ್ಲಿ ಥ್ರಾಟಲ್ ಬಾಡಿ ಅಳತೆ ಎಲ್ಲಿ ಬರೆದಿರುತ್ತೆ ತೋರಿಸಿ ಸ್ವಾಮಿ.

ಹುಬ್ಬಳ್ಳಿ ವಿಆರ್‌ಎಸ್: ಅದಕ್ಕೇ ಹೇಳಿದ್ದು, ಸ್ಟಾಕ್ ಇರಲಿ ಅಂತ.

ಪೀಣ್ಯ ಬೋರ್: ನೀವಿನ್ನೂ ಇಲ್ಲೇ ಇದ್ದೀರಾ?

ಮೈಸೂರು ವಿಟೆಕ್: ಸ್ಪ್ರೇ ಹೊಡೆದು ನೋಡಿದೆ. ಗ್ಯಾಸ್ಕೆಟ್ ಹತ್ತಿರ ಏನೂ ಬದಲಾಗಲಿಲ್ಲ. ಎಂಜಿನ್‌ನಿಂದ ಬ್ರೇಕ್ ಬೂಸ್ಟರ್‌ಗೆ (ಬ್ರೇಕ್ ಹಗುರ ಮಾಡುವ ಡಬ್ಬಿ) ಹೋಗುವ ಪೈಪಿನ ಬುಡದಲ್ಲಿ ಹೊಡೆದಾಗ ಆರ್‌ಪಿಎಂ ಬಿತ್ತು. ಬಿಚ್ಚಿ ಹಾಕುವಾಗ ಅದನ್ನು ಸೀಳಿದ್ದಾರೆ ಅನ್ಸುತ್ತೆ. ಪೈಪ್ ಎಲ್ಲಿ ಸಿಗುತ್ತೆ?

ಕಲಾಸಿಪಾಳ್ಯ ಕಸ್ಟಮರ್: ಬೆಂಗಳೂರಿನ ಜೆಸಿ ರಸ್ತೆ.

ಕುಡ್ಲ ರೆಡ್‌ಲೈನ್: ಮೈಸೂರಿನಲ್ಲೇ ಸಿಗುತ್ತೆ, ಸುಮ್ನೆ ಅಲ್ಲಿಗೆ ಹೋಗಬೇಡಿ. ಆಮೇಲೆ, ಹೊಸ ಮ್ಯಾಪ್ ಸೆನ್ಸರ್ ಒಂದು ಡಬ್ಬಿಯಲ್ಲೇ ಇದೆ. 3,000ಕ್ಕೆ ಬೇಕಾದವರು ಹೇಳಿ.