ಹೊಸ ಮನೆಯ ಮೊದಲ ಚಳಿಗಾಲ: ಫರ್ನೇಸ್ ಹಚ್ಚಿದರೆ ಸುಟ್ಟ ವಾಸನೆ, ದಯವಿಟ್ಟು ಹೇಳಿ

ಬ್ರಾಂಪ್ಟನ್ (ಊರು ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ಇಲ್ಲಿ ಕೆನಡಾದಲ್ಲಿ ಮೂರು ವರ್ಷ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಲ್ಲಿ ಮನೆ ಬೆಚ್ಚಗಿಡುವ ಚಿಂತೆ ಮಾಲೀಕರದು. ಈ ಜುಲೈನಲ್ಲಿ ಸ್ವಂತ ಮನೆಗೆ ಬಂದೆವು. ನಿನ್ನೆ ರಾತ್ರಿ ಮೊದಲ ಸಲ ಫರ್ನೇಸ್ (ಗ್ಯಾಸ್ ಉರಿಸಿ ಮನೆಗೆ ಬಿಸಿಗಾಳಿ ಕೊಡುವ ಯಂತ್ರ) ಹಚ್ಚಿದಾಗ ಮನೆ ತುಂಬ ಸುಟ್ಟ ವಾಸನೆ ಹರಡಿತು. ಹೆದರಿ ಆರಿಸಿಬಿಟ್ಟೆ. ಮಕ್ಕಳಿಬ್ಬರನ್ನೂ ಕಂಬಳಿಯಲ್ಲಿ ಸುತ್ತಿ ನನ್ನ ಪಕ್ಕದಲ್ಲೇ ಮಲಗಿಸಿಕೊಂಡೆ. ಯಜಮಾನರಿಗೆ ರಾತ್ರಿ ಪಾಳಿ, ಮನೆಯಲ್ಲಿ ನಾನೊಬ್ಬಳೇ. ನಾಲ್ಕು ವರ್ಷದ ಮಗಳಿಗೆ ಕಳೆದ ಚಳಿಗಾಲದಲ್ಲಿ ಮೂಗಿನಿಂದ ರಕ್ತ ಬರುತ್ತಿತ್ತು. ಮುಂದಿನ ತಿಂಗಳು ಅತ್ತೆ, ಮಾವ ಬರುತ್ತಾರೆ. ಹಿಮ ಬೀಳುವುದಕ್ಕೆ ಮೊದಲು ಏನೇನು ನೋಡಿಸಬೇಕು, ಯಾರನ್ನು ಕರೆಸಬೇಕು?

ಮಿಸಿಸಾಗ (ಊರು ಮೈಸೂರು):
ಗಾಬರಿಯಾಗಬೇಡಮ್ಮ. ಬೇಸಿಗೆಯಿಡೀ ಕುಳಿತ ದೂಳು ಸುಡುವಾಗ ಮೊದಲ ದಿನ ಹಾಗೆ ವಾಸನೆ ಬರುತ್ತದೆ, ಕೆಲವು ಗಂಟೆಗಳಲ್ಲಿ ಹೋಗುತ್ತದೆ. ಮರುದಿನವೂ ಇದ್ದರೆ, ಅಥವಾ ಪ್ಲಾಸ್ಟಿಕ್ ಸುಟ್ಟಂತೆ ಬಂದರೆ ಮಾತ್ರ ಆರಿಸಿ ತಂತ್ರಜ್ಞರನ್ನು ಕರೆಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಗ್ಯಾಸ್ ಸೋರಿಕೆ. ಆಗ ಯಾವ ಸ್ವಿಚ್ಚನ್ನೂ ಮುಟ್ಟದೆ ಮಕ್ಕಳೊಂದಿಗೆ ಹೊರಗೆ ಹೋಗಿ, ಅಲ್ಲಿಂದಲೇ ಫೋನ್ ಮಾಡಿ. ಮೊದಲು ಫರ್ನೇಸಿಗೆ ಹೋಗುವ ಗಾಳಿಯ ದೂಳು ಹಿಡಿಯುವ ಫಿಲ್ಟರ್ ಬದಲಿಸಿ. ಅದರ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ, ಬಾಣ ಫರ್ನೇಸಿನ ಕಡೆಗಿರಬೇಕು. ನಾನು 1999ರಲ್ಲಿ ಎರಡು ಪೆಟ್ಟಿಗೆ ಹಿಡಿದು ಬಂದಾಗ ಇಷ್ಟು ಹೇಳಿಕೊಡುವವರೂ ಇರಲಿಲ್ಲ. ಇಂದಿಗೂ ಪ್ರತಿ ಅಕ್ಟೋಬರಿನಲ್ಲಿ ನಾನೇ ಬೇಸ್‌ಮೆಂಟಿಗೆ ಇಳಿದು ಫಿಲ್ಟರ್ ಹಾಕುತ್ತೇನೆ. ಮಗನಿಗೂ ಕಲಿಸಿದ್ದೇನೆ.

ವಾಟರ್ಲೂ (ಊರು ಧಾರವಾಡ):
ಮಗಳ ಮೂಗಿನ ರಕ್ತಕ್ಕೆ ಕಾರಣ ಬಹುಶಃ ಒಣ ಗಾಳಿ. ಫರ್ನೇಸಿಗೆ ಜೋಡಿಸಿದ ಹ್ಯುಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಸಾಧನ) ಇದ್ದರೆ ಅದರ ಒಳಗಿನ ಪ್ಯಾಡ್ ಬದಲಿಸಿ, ತೇವಾಂಶ ಶೇಕಡಾ 30ರಿಂದ 40ರ ನಡುವೆ ಇರಲಿ. ಕಿಟಕಿಯ ಗಾಜಿನಲ್ಲಿ ನೀರು ಇಳಿಯತೊಡಗಿದರೆ ಕಡಿಮೆ ಮಾಡಿ. ಊರಿನವರು ಮೂಗಿಗೆ ತುಪ್ಪ, ಕೊಬ್ಬರಿ ಎಣ್ಣೆ ಬಿಡಲು ಹೇಳುತ್ತಾರೆ. ಚಿಕ್ಕ ಮಕ್ಕಳಿಗೆ ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮೂಗಿಗೆ ಬಿಡುವ ಉಪ್ಪುನೀರಿನ ಸಲೈನ್ ಹನಿ ಸಾಕು. ನನ್ನ ತಾಯಿ ಒಂದು ಜನವರಿ ನಮ್ಮಲ್ಲಿದ್ದರು. ಬಿಸಿಗಾಳಿ ಬರುವ ಜಾಲರಿಯ ಪಕ್ಕದಲ್ಲೇ ಕುಳಿತು ದಿನವೆಲ್ಲ ಬಿಸಿಲು ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರು. ಆರು ವಾರಕ್ಕೆ ಹಿಂತಿರುಗಿದವರು ಮತ್ತೆ ಬರಲಿಲ್ಲ. ಬೇಸಿಗೆಯಲ್ಲಿ ಕರೆಸಬೇಕಿತ್ತು.

ಕ್ಯಾಲ್ಗರಿ (ಊರು ಬಳ್ಳಾರಿ):
ಮೂಲ ವಿಷಯವನ್ನು ಯಾರೂ ಹೇಳುತ್ತಿಲ್ಲ. ಮನೆಯ ಬಿಸಿ ಎಷ್ಟಿರಬೇಕೆಂದು ನಿಗದಿ ಮಾಡುವ ಥರ್ಮೋಸ್ಟಾಟನ್ನು 18 ಡಿಗ್ರಿಗೆ ಇಟ್ಟು ಮಕ್ಕಳಿಗೆ ಸ್ವೆಟರ್ ಹಾಕಿ! ಜನವರಿಯಲ್ಲಿ ಮನೆಯನ್ನು 24 ಡಿಗ್ರಿಗೆ ಕಾಯಿಸಿ ಮಕ್ಕಳನ್ನು ತೆಳು ಅಂಗಿಯಲ್ಲಿ ಓಡಾಡಿಸಿದರೆ ಅವರು ಗಾಜಿನ ಬೊಂಬೆಗಳಾಗುತ್ತಾರೆ. ನನ್ನ ಇಬ್ಬರು ಮಕ್ಕಳೂ ಮೈನಸ್ 25ರಲ್ಲಿ ಶಾಲೆಗೆ ನಡೆದು ಹೋಗುತ್ತಾರೆ. ನಾವು ಬಳ್ಳಾರಿಯ ಬಿಸಿಲಿನಲ್ಲಿ ಬರಿಗಾಲಿನಲ್ಲಿ ಬೆಳೆದವರು. ಕಷ್ಟ ತಾಳುವುದನ್ನು ಮನೆಯಲ್ಲಿ ಕಲಿಸದಿದ್ದರೆ ಇನ್ನೆಲ್ಲಿ ಕಲಿಯುತ್ತಾರೆ?

ಮಾರ್ಕಮ್ (ಊರು ಮಂಗಳೂರು):
ಸರ್, ಅವರ ಮನೆಗೆ ವಯಸ್ಸಾದವರು ಬರುತ್ತಿದ್ದಾರೆ. 18 ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಮಟ್ಟ. ಮುದುಕರಿಗೂ ಕೂಸುಗಳಿಗೂ ಅದಕ್ಕಿಂತ ಹೆಚ್ಚು ಬೇಕು. ಟೊರಾಂಟೊ ನಗರದಲ್ಲಿ ಬಾಡಿಗೆ ಮನೆಗೇ ಚಳಿಗಾಲದಲ್ಲಿ 21 ಡಿಗ್ರಿ ಕೊಡಬೇಕೆಂಬ ನಿಯಮವಿದೆ. ಅತ್ತೆ, ಮಾವಂದಿರನ್ನು ನಡುಗಿಸಿ ಯಾರಿಗೆ ಕಷ್ಟ ಕಲಿಸಬೇಕು?

ಒಟ್ಟಾವ (ಊರು ತೀರ್ಥಹಳ್ಳಿ):
ತಂಗಿ, ನಾನು ಈ ಕೆಲಸದಲ್ಲೇ ಇರುವವನು, ಸ್ವಲ್ಪ ಗಮನವಿಟ್ಟು ಓದು. ನಮ್ಮೂರಿನ ಬಚ್ಚಲ ಒಲೆಯ ಹೊಗೆ ಕಣ್ಣು ಉರಿಸಿ ತಾನೇ ಎಚ್ಚರಿಸುತ್ತಿತ್ತು. ಇಲ್ಲಿ ಫರ್ನೇಸಿನ ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ. ಮಲಗುವ ಕೋಣೆಗಳ ಹತ್ತಿರ ಅದರ ಅಲಾರಂ ಇರಬೇಕೆಂದು ನಮ್ಮ ಒಂಟಾರಿಯೊ ಪ್ರಾಂತ್ಯದ ಕಾನೂನೇ ಹೇಳುತ್ತದೆ. ಅಲಾರಮ್ಮಿಗೂ ಆಯುಸ್ಸಿದೆ, ಸಾಮಾನ್ಯವಾಗಿ 7ರಿಂದ 10 ವರ್ಷ. ಹಿಂಬದಿಯ ತಾರೀಖು ನೋಡು. ಅದು ಕೂಗಿದರೆ ಎಲ್ಲರೂ ಹೊರಗೆ ಬಂದು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು. ಮನೆಯ ಹೊರಗೋಡೆಯಲ್ಲಿ ಬಿಳಿ ಪ್ಲಾಸ್ಟಿಕ್ ಕೊಳವೆಗಳಿದ್ದರೆ ಅವು ಫರ್ನೇಸಿನ ಉಸಿರು, ಗಾಳಿ ಒಳಬರುವ ಮತ್ತು ಸುಟ್ಟ ಅನಿಲ ಹೊರಹೋಗುವ ದಾರಿ. ಹಿಮವಾಗಲಿ ಎಲೆಯಾಗಲಿ ಅವುಗಳ ಬಾಯಿ ಮುಚ್ಚಬಾರದು. ವರ್ಷಕ್ಕೊಮ್ಮೆ ಪರವಾನಗಿ ಇರುವ ಗ್ಯಾಸ್ ತಂತ್ರಜ್ಞರಿಂದ ತಪಾಸಣೆ ಮಾಡಿಸು, ಪರವಾನಗಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಅಂಗಳದ ನಲ್ಲಿಗೆ ಒಳಗಿನಿಂದ ನೀರು ನಿಲ್ಲಿಸಿ, ಹೊರಗೆ ತಿರುಗಿಸಿ ಖಾಲಿ ಮಾಡು, ಇಲ್ಲದಿದ್ದರೆ ಕೊಳವೆ ಒಡೆಯುತ್ತದೆ.

ಕ್ಯಾಲ್ಗರಿ:
ಮಾರ್ಕಮ್ ಮೇಡಂ, ಹಿರಿಯರ ಕೋಣೆಗೆ ಬೇರೆ ಹೀಟರ್ ಇಡಬಹುದು. ನಾನು ಮಾತನಾಡುತ್ತಿರುವುದು ಮಕ್ಕಳ ಬಗ್ಗೆ. ಸ್ವೆಟರ್ ಹಾಕಿಕೋ ಎಂದರೆ ಇಂಗ್ಲಿಷಿನಲ್ಲಿ ವಾದಕ್ಕೆ ನಿಲ್ಲುತ್ತಾರೆ. ಇದು ಬರೀ ಗ್ಯಾಸ್ ಬಿಲ್ಲಿನ ಪ್ರಶ್ನೆಯಲ್ಲ.

ಮಿಸಿಸಾಗ:
ಕ್ಯಾಲ್ಗರಿಯವರ ಮಾತಿನಲ್ಲಿ ಸತ್ಯವಿದೆ. ನಮ್ಮ ಮನೆಯಲ್ಲಿ ಮಕ್ಕಳೇ ದಾರಿಯ ಹಿಮ ತೆಗೆಯುತ್ತಿದ್ದರು, ಒಂದು ದಿನವೂ ಗೊಣಗಲಿಲ್ಲ.

ಹ್ಯಾಮಿಲ್ಟನ್ (ಊರು ಹಾಸನ):
ನಾವೂ ಸಾಲ ತೀರಿಸುವ ಆತುರದಲ್ಲಿ ಹತ್ತು ವರ್ಷ 17ಕ್ಕೆ ಇಟ್ಟೆವು. ಕಷ್ಟ ಕಲಿಸುತ್ತಿದ್ದೇವೆ ಎಂದೇ ನಂಬಿದ್ದೆವು. ಸಾಲ ತೀರಿತು. ಮಗಳು ಈಗ ವ್ಯಾಂಕೂವರಿನಲ್ಲಿದ್ದಾಳೆ. ಮನೆಗೆ ಬಂದಾಗ ಕೋಟು ತೆಗೆಯದೆ ಮೊದಲು ಥರ್ಮೋಸ್ಟಾಟಿನ ಕಡೆ ನೋಡುತ್ತಾಳೆ. ಏರಿಸಲೇ ಅಪ್ಪಾ ಎಂದು ಕೇಳುತ್ತಾಳೆ. ತನ್ನದೇ ಮನೆಯಲ್ಲಿ ಮಗಳು ಹಾಗೆ ಕೇಳುವುದು ನನಗೆ ಬಹಳ ನೋವಿನ ಸಂಗತಿ.

ಕ್ಯಾಲ್ಗರಿ:
ಕೇಳಿ ಏರಿಸುವುದು ಒಳ್ಳೆಯ ಸಂಸ್ಕಾರವೇ, ಹ್ಯಾಮಿಲ್ಟನ್ ಸರ್. ಅದಕ್ಕೆ ಏಕೆ ನೋಯಬೇಕು?

ಮಾರ್ಕಮ್:
ನಿಮಗೆ ಅವರ ಮಾತು ಅರ್ಥವಾಗಲಿಲ್ಲ.

ಬ್ರಾಂಪ್ಟನ್:
ಎಲ್ಲರಿಗೂ ಧನ್ಯವಾದಗಳು. ಎಷ್ಟು ಡಿಗ್ರಿ ಎಂಬುದನ್ನು ಅತ್ತೆ, ಮಾವ ಬಂದ ಮೇಲೆ ಅವರನ್ನೇ ಕೇಳುತ್ತೇನೆ. ತೀರ್ಥಹಳ್ಳಿ ಅಣ್ಣ, ನಿಮ್ಮ ಮಾತು ಓದಿ ಮಹಡಿಗೆ ಓಡಿದೆ. ಅಲಾರಂ ಇದೆ. ಹಿಂದೆ 2012 ಎಂದು ಬರೆದಿದೆ. ಗುಂಡಿ ಒತ್ತಿದರೆ ಸದ್ದಿಲ್ಲ. ಹಳೆಯ ಫಿಲ್ಟರ್ ಹೊರಗೆ ತೆಗೆದಾಗ ಬೂದು ಕಂಬಳಿಯಂತಿತ್ತು. ಹೊರಗೋಡೆಯಲ್ಲಿ ಎರಡು ಬಿಳಿ ಕೊಳವೆಗಳಿವೆ, ಒಂದರ ಬಾಯಿಗೆ ಪೊದೆಯ ಕೊಂಬೆಗಳು ತಾಗುತ್ತಿವೆ. ನಾನೇ ಕತ್ತರಿಸಬಹುದೇ?

ಒಟ್ಟಾವ:
ಕತ್ತರಿಸು. ಆದರೆ ಮೊದಲು ಅಂಗಡಿಗೆ ಹೋಗಿ ಅಲಾರಂ ತಾ. ಅದನ್ನು ಹಾಕುವವರೆಗೆ ಫರ್ನೇಸ್ ಹಚ್ಚಬೇಡ. ಹಾಕಿದ ಮೇಲೆ ಗುಂಡಿ ಒತ್ತಿ ಮಕ್ಕಳಿಗೆ ಆ ಸದ್ದು ಕೇಳಿಸು, ಅದು ಕೂಗಿದರೆ ಯಾವ ಬಾಗಿಲಿನಿಂದ ಓಡಬೇಕೆಂದು ತೋರಿಸು.

ಬ್ರಾಂಪ್ಟನ್:
ಎರಡು ತಂದೆವು ಅಣ್ಣ, ಮಹಡಿಗೊಂದು, ಬೇಸ್‌ಮೆಂಟಿಗೊಂದು. ಸದ್ದಿಗೆ ಚಿಕ್ಕವಳು ಅತ್ತಳು, ಆಮೇಲೆ ತಾನೇ ಹೋಗಿ ಮುಂಬಾಗಿಲ ಹತ್ತಿರ ನಿಂತಳು. ಈಗ ಕತ್ತರಿ ಹಿಡಿದು ಹೊರಗೆ ಹೊರಟಿದ್ದೇನೆ.